ಮುಳ್ಳಿನ ಸಾಕ್ಷಿ

ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಸುರಿಸುತ್ತ, ಸೆರಗನ್ನು ಮೂಗಿಗೆ ಬಿಗಿದುಕೊಂಡು, ಹೊರಗೆ ಲಾರಿ ಗುರುಗುಟ್ಟುತ್ತ ನಿಂತಿದ್ದಂತೆಯೇ ಮಂಡಿಯ ಅಷ್ಟೂ ಚೀಲಗಳಿಗೆ ತಾನೊಬ್ಬಳೇ ಗುರುತು ಬರೆದು ಮುಗಿಸಿದ ಆ ಬೇಸಗೆಯ ಮಧ್ಯಾಹ್ನವನ್ನು ಕೊಟ್ರಮ್ಮ ಎಷ್ಟು ವರ್ಷ ಕಳೆದರೂ ಮರೆತವಳಲ್ಲ. ಸಾಸ್ವೆಹಳ್ಳಿಯ ಆ ಮನೆಗೆ ಅವಳು ಸೊಸೆಯಾಗಿ ಬಂದ ಹೊಸತು. ಗುರುತು ಹಾಕುವ ಗುಮಾಸ್ತ ಹೇಳದೆ ಕೇಳದೆ ಊರು ಬಿಟ್ಟಿದ್ದ. ಲಾರಿಯವನು ಹೊರ ಸೀಮೆಯವನು, ಕನ್ನಡದ ಗಂಧಗಾಳಿ ಇಲ್ಲದವನು. ಚನ್ನಗಿರಿಯಲ್ಲಿ ಇಳಿಸಬೇಕಾದ ಚೀಲದ ಮೇಲೆ ಒಂದು, ಹೊನ್ನಾಳಿಯಲ್ಲಿ ಇಳಿಸಬೇಕಾದ ಚೀಲದ ಮೇಲೆ ಇನ್ನೊಂದು, ಹೀಗೆ ಎರಡು ಇಂಗ್ಲಿಷ್ ಅಕ್ಷರ ಕಂಡರೆ ಮಾತ್ರ ಅವನು ಚೀಲ ಮುಟ್ಟುವುದು. ಮಾವ ಪಡಸಾಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಗಂಡ ಶಿವಮೂರ್ತಪ್ಪನೂ ಮೈದುನ ಉಚ್ಚಂಗೆಪ್ಪನೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು.

ಜಗಳೂರು ಕಡೆಯ ಸೊಕ್ಕೆಯಲ್ಲಿ, ಕಣದ ಮರಳಿನ ಮೇಲೆ ಅಪ್ಪ ಬೆರಳು ಹಿಡಿದು ತಿದ್ದಿಸಿದ ಕನ್ನಡ ಅವಳಿಗೆ ಬರುತ್ತಿತ್ತು. ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ. ಆದರೆ ಉಗ್ರಾಣದ ಬಾಗಿಲ ಸಂದಿಯಿಂದ ಗುಮಾಸ್ತನ ಕೈಯನ್ನು ದಿನವೂ ಕಂಡವಳು ಅವಳು. ಚನ್ನಗಿರಿಗೆ ಅವನು ಬರೆಯುತ್ತಿದ್ದುದು ಒಡೆದ ಬಳೆಯ ಹಾಗಿರುತ್ತಿತ್ತು. ಹೊನ್ನಾಳಿಗೆ, ಒಂದೇ ಮೆಟ್ಟಿಲ ಏಣಿ. ಅತ್ತೆ ಹಿತ್ತಲಿಗೆ ಹೋದಾಗಲೆಲ್ಲ ಒಲೆಯ ಮುಂದಿನ ಬೂದಿಯಲ್ಲಿ ಅವೆರಡನ್ನೂ ಬರೆದು ಅಳಿಸಿ, ಅಳಿಸಿ ಬರೆದು ಕೈ ಪಳಗಿಸಿದ್ದಳು. ಅಂದು ತಲೆಯ ಮೇಲೆ ಸೆರಗೆಳೆದುಕೊಂಡು, ಹೆಣ್ಣುಮಕ್ಕಳು ಕಾಲಿಡದ ಮಂಡಿಗೆ ಇಳಿದು, ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯ ಕುಂಚ ಹಿಡಿದಳು. ಒಂದು ಚೀಲವೂ ದಾರಿ ತಪ್ಪಲಿಲ್ಲ. ಲಾರಿ ಹೊರಟ ಮೇಲೆ ಮಾವ ಎದ್ದು ಬಂದು, "ಕುಂಚ ಇನ್ನು ನಿನ್ನ ಹತ್ರಾನೇ ಇರಲಿ ಬಿಡವ್ವ" ಎಂದಿದ್ದರು. ಆ ಮನೆಯಲ್ಲಿ ಅವಳ ಮಾತಿಗೆ ತೂಕ ಬಂದುದು ಆ ಮಧ್ಯಾಹ್ನದಿಂದ.

ಅವೇ ಎರಡು ಅಕ್ಷರಗಳನ್ನು ಎಂಬತ್ತನೆಯ ಇಸವಿಯ ಈ ಮಾಗಿಯ ಮುಂಜಾನೆ ಅವಳು ಗಂಡನ ಕಾರಿನ ಗಾಜಿಗೆ ಹಣೆಯೊತ್ತಿ ನೋಡುತ್ತಿದ್ದಳು. ಕೈಯಲ್ಲಿ ಅಂಗಳಕ್ಕೆ ಹಾಕಲು ಕಲಸಿದ ಸಗಣಿ ನೀರಿನ ಬಕೆಟ್ಟು ಇನ್ನೂ ಹಾಗೇ ಇತ್ತು.

ಕಾರು ಬೂದಿ ಬಣ್ಣದ್ದು. ಚಿಕ್ಕದು, ಬೆನ್ನು ಗುಂಡಗಿನದು. ದಾವಣಗೆರೆಯ ಒಬ್ಬ ಮುದಿ ವಕೀಲರ ಕೈಯಲ್ಲಿ ಬಹುಕಾಲ ಸವೆದು ಐದಾರು ವರ್ಷದ ಹಿಂದೆ ಈ ಮನೆಗೆ ಬಂದಿತ್ತು. ಚಕ್ರ ಹಿಡಿದು ಕೂರುವವರ ಎದುರಿಗೆ ಮೂರು ದುಂಡು ಗಾಜುಗಳು. ಅವುಗಳಲ್ಲಿ ಮೈಲಿ ಎಣಿಸುವುದು ಯಾವುದೆಂದು ಕೊಟ್ರಮ್ಮನಿಗೆ ಗೊತ್ತಿತ್ತು. ಬಲತುದಿಯ ಸಣ್ಣ ಗಾಜಿನೊಳಗೆ ಒಂದು ಕಡೆ ಒಡೆದ ಬಳೆ, ಇನ್ನೊಂದು ಕಡೆ ಒಂದೇ ಮೆಟ್ಟಿಲ ಏಣಿ, ನಡುವೆ ಆಡುವ ಒಂದು ಕರಿಯ ಮುಳ್ಳು. ಅದೇನೆಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಎಷ್ಟು ದೂರ ಹೋಯಿತೆಂದು ಹೇಳುವ ಗಾಜು ಒಂದಿದ್ದರೆ, ಯಾವ ಊರಿಗೆ ಹೋಗಿತ್ತೆಂದು ಹೇಳುವ ಗಾಜು ಇನ್ನೊಂದು. ವಕೀಲರು ಚನ್ನಗಿರಿ, ಹೊನ್ನಾಳಿ ಎರಡೂ ಕೋರ್ಟುಗಳಿಗೆ ಓಡಾಡಿದವರಂತೆ. ಅವರೇ ಹಾಗೆ ಬರೆಸಿರಬೇಕು.

ಬರಿಯ ಊಹೆಯ ಮೇಲೆ ನಂಬುವ ಜಾಯಮಾನ ಅವಳದಲ್ಲ. ಮೊದಲ ವರ್ಷವೆಲ್ಲ ಪರೀಕ್ಷಿಸಿಯೇ ನೋಡಿದ್ದಳು. ಶಿವಮೂರ್ತಪ್ಪ ಚನ್ನಗಿರಿಗೆ ಹೋಗಿ ಬಂದ ಮರುದಿನ ಬೆಳಗ್ಗೆ ಮುಳ್ಳು ಒಡೆದ ಬಳೆಯ ಮೇಲೆ ಮಲಗಿರುತ್ತಿತ್ತು. ತಾಲ್ಲೂಕು ಕಚೇರಿಯ ಕೆಲಸಕ್ಕೆಂದು ಹೇಳಿ ಹೊನ್ನಾಳಿಗೆ ಹೋಗಿ ಬಂದ ಮರುದಿನ ಏಣಿಯ ಮೇಲೆ ನಿಂತಿರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಮನುಷ್ಯರಿಗಿಂತ ಈ ಮುಳ್ಳು ವಾಸಿ ಎಂದುಕೊಂಡು ಅವಳು ಆ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು.

ಈಗ ಶುಕ್ರವಾರ. ನಿನ್ನೆ ಗಂಡ ಹೋಗಿದ್ದು ಚನ್ನಗಿರಿಗೆ, ಎಂದು ಅವನ ಮಾತು. ಮುಳ್ಳು ನಿಂತಿದ್ದುದು ಏಣಿಯ ಮೇಲೆ. ಹೋದ ಶುಕ್ರವಾರವೂ ಹೀಗೆಯೇ, ಅದರ ಹಿಂದಿನ ಶುಕ್ರವಾರವೂ ಹೀಗೆಯೇ. ಸೋಮವಾರ, ಗುರುವಾರ ಎರಡು ದಿನವೂ ಅವನು ಚನ್ನಗಿರಿಯ ಗೋದಾಮಿಗೆ ಹೋಗುವುದು ವಾಡಿಕೆ. ಸೋಮವಾರದ್ದನ್ನು ಮುಳ್ಳು ಒಪ್ಪುತ್ತಿತ್ತು; ಮಂಗಳವಾರ ಬೆಳಗ್ಗೆ ನೋಡಿದರೆ ಒಡೆದ ಬಳೆ. ಗುರುವಾರದ್ದನ್ನು ಒಪ್ಪುತ್ತಿರಲಿಲ್ಲ. ದೀಪಾವಳಿ ಕಳೆದಲ್ಲಿಂದ ಇದು ಹೀಗೆಯೇ ನಡೆದಿತ್ತು.

ಹೊನ್ನಾಳಿಯಲ್ಲಿ ಏನಿದೆ? ಉಚ್ಚಂಗೆಪ್ಪನ ಮನೆಯಿದೆ. ಮಾವ ತೀರಿಕೊಂಡ ಮೇಲೆ ಒಮ್ಮೆ ಕೊಟ್ರಮ್ಮ, ಏಣಿ ಗುರುತಿನ ಕೆಲವು ಚೀಲಗಳು ಹೊನ್ನಾಳಿ ಮುಟ್ಟುವ ಮೊದಲೇ ಬೇರೆಲ್ಲೋ ಇಳಿಯುತ್ತಿವೆ ಎಂದು ಆಡಿಬಿಟ್ಟಿದ್ದಳು. ಅದು ನಿಜವೋ ಅಲ್ಲವೋ ಇತ್ಯರ್ಥವಾಗಲೇ ಇಲ್ಲ. ಮನೆ ಮಾತ್ರ ಪಾಲಾಯಿತು. ಪಾಲಿನ ದಿನ ಹಿರಿಯರ ಎದುರು ಉಚ್ಚಂಗೆಪ್ಪ, "ಎರಡಕ್ಷರ ಕಲಿತು ಬಂದೋಳು ಒಂದು ಮನೇನ ಎರಡು ಮಾಡಿದ್ಲು" ಎಂದ. ಬಾಗಿಲ ಹಿಂದೆ ನಿಂತಿದ್ದ ಅವಳಿಗೆ ಆ ಮಾತು ಕೆಂಡವಾಗಿ ತಾಕಿತು. ಶಿವಮೂರ್ತಪ್ಪ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ಈ ಮಾತು ನಿನ್ನ ಬಾಯಿಂದಲೇ ಹಿಂದಕ್ಕೆ ಬರೋ ತನಕ ನಿನ್ನ ಹೊಸಲು ತುಳಿಯಾಕಿಲ್ಲ" ಎಂದು ಎದ್ದು ಬಂದಿದ್ದ. ಗಂಡ ತನ್ನ ಪರವಾಗಿ ಲಿಂಗ ಮುಟ್ಟಿ ಆಡಿದ ಆ ಮಾತೊಂದನ್ನೇ ಆಧಾರ ಮಾಡಿಕೊಂಡು ಅವಳು ಹತ್ತು ಹನ್ನೆರಡು ವರ್ಷ ತಲೆಯೆತ್ತಿ ಬದುಕಿದ್ದಳು. ಅದು ಸುಳ್ಳಾದರೆ ಉಳಿದದ್ದರಲ್ಲಿ ಯಾವುದನ್ನು ನಂಬುವುದು?

"ಏನೇ, ಗಾಡಿಗೂ ಸಗಣಿ ನೀರು ಹಾಕ್ತೀಯಾ?"

ಶಿವಮೂರ್ತಪ್ಪ ಹಲ್ಲುಜ್ಜುತ್ತ ಹಿಂದೆ ಬಂದು ನಿಂತಿದ್ದ. ಅವಳು ನಿಧಾನವಾಗಿ ತಿರುಗಿದಳು.

"ನಿನ್ನೆ ಚನ್ನಗಿರಿ ಹೆಂಗಿತ್ರೀ?"

"ಹೆಂಗಿರುತ್ತೆ? ಇದ್ದಂಗೇ ಐತೆ."

"ಗುಡ್ಡದ ಮೇಲಿನ ಕೋಟೆ?"

"ಅದು ಎದ್ದು ಎಲ್ಲಿಗೆ ಹೋಗುತ್ತೆ ಕಣೇ? ಅದೂ ಅಲ್ಲೇ ಐತೆ." ಅವನು ನಕ್ಕು ಬಾಯಿ ಮುಕ್ಕಳಿಸಿದ. ಆಮೇಲೆ ಕಾರಿನೊಳಗೆ ಬಗ್ಗಿ ನೋಡಿ ಹಣೆ ಗಂಟಿಕ್ಕಿದ. "ಈ ಮುಳ್ಳಿಗೆ ಹುಚ್ಚು ಹಿಡಿದೈತೆ ನೋಡು. ಇದರ ಮಾತು ನಂಬಂಗೇ ಇಲ್ಲ. ಬರೀ ಸುಳ್ಳು ಹೇಳ್ತೈತೆ."

ಕೊಟ್ರಮ್ಮ ಮತ್ತೆ ಗಾಜಿನತ್ತ ತಿರುಗಿದಳು. "ಸುಳ್ಳು ಹೇಳ್ತೈತಾ?"

"ಹೂಂ. ಇವತ್ತು ನ್ಯಾಮತಿಗೆ ಹೋಗಿ ಅಮೀರ್‌ಜಾನ್ ಹತ್ರ ಇದನ್ನ ರಿಪೇರಿ ಮಾಡಿಸ್ತೀನಿ. ಆಗದಿದ್ರೆ ಕಿತ್ತು ಬಿಸಾಕಿಸ್ತೀನಿ."

ಸಿಕ್ಕಿಬಿದ್ದವನು ಸಾಕ್ಷಿಗೇ ಹುಚ್ಚೆನ್ನುತ್ತಾನೆ. ಆ ಮೇಲೆ ಅದನ್ನು ಊರು ಬಿಡಿಸುತ್ತಾನೆ. ಅವಳು ಬಕೆಟ್ಟನ್ನು ಕೆಳಗಿಟ್ಟಳು.

"ನಾನೂ ಬರ್ತೀನಿ."

"ಗ್ಯಾರೇಜಿಗಾ? ಅಲ್ಲೇನು ಮಾಡ್ತೀ?"

"ಗಾಡಿ ಹತ್ತಿ ಯಾವ ಕಾಲ ಆಯ್ತು. ನನ್ನ ಮನೆ ಗಾಡಿ ನಾನು ಹತ್ತಾಕೆ ನಿಮ್ಮ ಅಮೀರ್‌ಜಾನ್ ಅಪ್ಪಣೆ ಬೇಕಾ?"

ಅವನು ಟವೆಲ್ಲಿನಿಂದ ಮುಖ ಒರೆಸುವ ನೆವದಲ್ಲಿ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡೇ ಇದ್ದ. "ಹೊನ್ನಾಳಿ ಮ್ಯಾಲೇ ಹೋಗ್ಬೇಕು" ಎಂದ.

"ಹೋಗಲಿ. ಮ್ಯಾಲೆ ತಾನೇ ಹೋಗೋದು, ಒಳಗೆ ಹೋಗ್ತೀವಾ?"

ಅವನು ಕಾರಿನ ಕೀಲಿ ತರಲು ಒಳಗೆ ಹೋದ.

ಹೊನ್ನಾಳಿಯ ದಾರಿ ಅವಳು ನೆನಪಿಟ್ಟುಕೊಂಡಿದ್ದ ದಾರಿಯಾಗಿರಲಿಲ್ಲ. ಹೊಳೆಯ ಮರಳು ತುಂಬಿದ ಲಾರಿಗಳು ಓಡಾಡಿ ಓಡಾಡಿ, ಆ ಮೇಲೆ ಮಳೆಗಾಲವೂ ಸೇರಿ, ನುಣುಪಾಗಿದ್ದ ಡಾಂಬರು ಕಿತ್ತುಹೋಗಿ, ಗುಂಡಿಯ ಪಕ್ಕ ಗುಂಡಿ ಬಾಯ್ದೆರೆದಿತ್ತು. ಕಾರು ಕುಪ್ಪಳಿಸಿದಾಗಲೆಲ್ಲ ಅವಳ ತಲೆ ಮೇಲಿನ ತಗಡಿಗೆ ತಾಕುವಂತಾಗುತ್ತಿತ್ತು. ಅವಳ ಕಣ್ಣು ಮಾತ್ರ ಆ ಸಣ್ಣ ಗಾಜಿನ ಮೇಲೆ. ಊರು ಬಿಡುವಾಗ ಏಣಿಯ ಮೇಲಿದ್ದ ಮುಳ್ಳು, ಒಂದು ದೊಡ್ಡ ಗುಂಡಿಯಲ್ಲಿ ಕಾರು ಇಳಿದು ಎದ್ದ ಕ್ಷಣಕ್ಕೆ, ಮರದಿಂದ ಕಾಯಿ ಉದುರಿದ ಹಾಗೆ ಪಟ್ಟನೆ ಕೆಳಗೆ ಜಾರಿತು.

ಹೋಗುತ್ತಿರುವುದು ಹೊನ್ನಾಳಿಗೆ, ಮುಳ್ಳು ಓಡಿದ್ದು ಚನ್ನಗಿರಿಯ ಕಡೆಗೆ! ಕೊಟ್ರಮ್ಮ ಓರೆಗಣ್ಣಿನಲ್ಲಿ ಗಂಡನನ್ನು ನೋಡಿದಳು. ಅವನ ಎರಡು ಕೈಗಳೂ ಚಕ್ರದ ಮೇಲಿದ್ದವು. ಕಾಲಲ್ಲಿ ಏನಾದರೂ ಒತ್ತಿದನೋ? ಬಗ್ಗಿ ಕಾಲನ್ನೂ ನೋಡಿದಳು.

"ಏನು ಬಿತ್ತು?" ಎಂದ ಅವನು.

"ಏನಿಲ್ಲ. ಇನ್ನೂ ಏನೂ ಬಿದ್ದಿಲ್ಲ."

ಹೊನ್ನಾಳಿ ಬಂದಾಗ ಅವಳು ಸೆರಗನ್ನು ಕಿವಿಯ ಮುಂದಕ್ಕೆ ಎಳೆದುಕೊಂಡಳು. ಪೇಟೆಯ ಒಂದು ಕಡೆ ಮೋರಿ ಕಟ್ಟುತ್ತಿದ್ದರು. ರಸ್ತೆಗೆ ಅಡ್ಡಲಾಗಿ ಕಲ್ಲು ಪೇರಿಸಿದ್ದರು. ಎದುರಿನ ಎತ್ತಿನ ಗಾಡಿಯವನು ಇಳಿದು ಯಾರನ್ನೋ ದಾರಿ ಕೇಳುತ್ತಿದ್ದ. ಶಿವಮೂರ್ತಪ್ಪ ಯಾರನ್ನೂ ಕೇಳಲಿಲ್ಲ. ಎಣ್ಣೆ ಗಿರಣಿಯ ಹಿಂದಿನ ಓಣಿಗೆ ಸಲೀಸಾಗಿ ನುಗ್ಗಿಸಿ, ಎರಡು ತಿರುವು ತಿರುಗಿಸಿ, ಮತ್ತೆ ಹೆದ್ದಾರಿಗೆ ತಂದ. ಅವಳು ಅದನ್ನು ಕಂಡಳು, ಕಂಡದ್ದನ್ನು ನುಂಗಿಕೊಂಡಳು.

ನ್ಯಾಮತಿಯಲ್ಲಿ ಅಮೀರ್‌ಜಾನನ ಗ್ಯಾರೇಜೆಂದರೆ ಒಂದು ಹುಣಸೆ ಮರ ಮತ್ತು ನಾಲ್ಕು ತಗಡು. ಮರದ ಹಿಂದೆಯೇ ಅವನ ಮನೆ. ಐವತ್ತರ ಹತ್ತಿರದ, ಗಂಟಲು ದೊಡ್ಡದಾದ ಆಳು. ಕಾರಿನ ಮುಂಭಾಗದ ಮುಚ್ಚಳ ಎತ್ತುವ ಮೊದಲೇ ತೀರ್ಪು ಕೊಡುವವನು.

"ನೀರಿಲ್ಲ ಸಾವ್ಕಾರ್ರೇ, ನೀರಿಲ್ಲ. ನೀರು ಇಲ್ದಿದ್ರೆ ಬಿಸಿ ಆಗಲ್ವಾ? ನಿಮಗೆ ನೀರು ಇಲ್ದಿದ್ರೆ ನೀವು ಬಿಸಿ ಆಗಲ್ವಾ?" ಎನ್ನುತ್ತ ಮುಚ್ಚಳ ತಿರುಗಿಸಿದ. ನೀರು ಕಂಠಮಟ್ಟ ಇತ್ತು. ಅವನು ಒಂದಿಷ್ಟೂ ಅಳುಕಲಿಲ್ಲ. "ಹಂಗಾದ್ರೆ ಒಳಗಿನ ದಾರಿ ಕಟ್ಟಿಕೊಂಡೈತೆ" ಎಂದು ಒಂದು ರಬ್ಬರ್ ಕೊಳವೆ ಬಿಚ್ಚಿದ. ಅದರೊಳಗಿಂದ ನೀರು ಸರಾಗವಾಗಿ ಅವನ ಲುಂಗಿಯ ಮೇಲೆ ಸುರಿಯಿತು. "ಯಾವನ್ರೀ ಇದಕ್ಕೆ ಕೈ ಹಾಕಿದ ಖದೀಮ? ನಟ್ಟು ಹಾಕಿರೋ ಚಂದ ನೋಡ್ರಿ!"

"ಹೋದ ವರ್ಷ ನೀನೇ ಕಣೋ ಹಾಕಿದ್ದು" ಎಂದ ಶಿವಮೂರ್ತಪ್ಪ.

"ನಾನಾ?" ಅಮೀರ್‌ಜಾನ್ ಮತ್ತೊಮ್ಮೆ ಬಗ್ಗಿ ನೋಡಿದ. "ಹಂಗಾದ್ರೆ ಗಟ್ಟಿಯಾಗೇ ಹಾಕಿರ್ತೀನಿ ಬಿಡ್ರಿ."

ಅವನ ತಾಯಿ ರೋಶನಬಿ ಒಂದು ಮಣೆ ತಂದು ಕೊಟ್ರಮ್ಮನಿಗೆ ಹಾಕಿದಳು. "ಒಳಗೆ ಬಾರವ್ವ, ಇಲ್ಲಿ ಎಣ್ಣೆ ಕೊಳೆ" ಎಂದು ಕರೆದಳು. ಕೊಟ್ರಮ್ಮ ಒಲ್ಲೆನೆಂದು ಕಾರಿನ ಬಾಗಿಲ ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತಳು. ಒಂದು ತುಂಡನ್ನೂ ಇವರು ಅದಲು ಬದಲು ಮಾಡಬಾರದು.

ಅಮೀರ್‌ಜಾನ್ ಕೊನೆಗೆ ಎಂಜಿನ್ನಿನ ತಲೆಯಿಂದ ಬೆರಳುದ್ದದ ಒಂದು ಹಿತ್ತಾಳೆ ಗುಂಡನ್ನು ತಿರುಪಿ ಹೊರಗೆಳೆದ. ಅದರ ಬಾಲಕ್ಕೆ ದಾರದಷ್ಟು ಸಣ್ಣ ತಾಮ್ರದ ಕೊಳವೆ. ಅದು ಹಾಗೇ ಬಳುಕುತ್ತ ಹೋಗಿ ಆ ಗಾಜಿನ ಬೆನ್ನಿಗೆ ಸೇರಿತ್ತು. "ಅಮ್ಮಾ, ಚಾಕ್ಕೆ ಇಟ್ಟಿರೋ ನೀರು ತಾ" ಎಂದು ಕೂಗಿದ. ರೋಶನಬಿ ಕುದಿಯುವ ನೀರಿನ ಕೆಟಲು ತಂದು, "ಚಾ ಕುಡಿಯೋದು ಮನುಷ್ಯರಾ, ಮೋಟಾರಾ?" ಎಂದು ಗೊಣಗುತ್ತ ಕೊಟ್ಟಳು. ಅವನು ಹಿತ್ತಾಳೆ ಗುಂಡನ್ನು ಕೆಟಲಿನೊಳಗೆ ಇಳಿಬಿಟ್ಟ.

ಗಾಜಿನೊಳಗೆ ಮುಳ್ಳು ಅಲುಗಿತು. ಒಡೆದ ಬಳೆಯನ್ನು ಬಿಟ್ಟು, ಮೆಲ್ಲಗೆ ನಡು ದಾಟಿ, ಏಣಿಯ ಮೇಲೆ ಹೋಗಿ ನಿಂತಿತು. ಕಾರು ನಿಂತಲ್ಲೇ ನಿಂತಿತ್ತು, ಚಕ್ರ ಉರುಳಿರಲಿಲ್ಲ.

"ಹೊನ್ನಾಳಿಗೆ ಹೋಯ್ತು" ಎಂಬ ಮಾತು ಕೊಟ್ರಮ್ಮನ ಬಾಯಿಂದ ತಾನಾಗಿಯೇ ಹೊರಬಿತ್ತು.

"ಏನಂದ್ರಿ ಅಮ್ಮಾರೇ?"

"ಏನಿಲ್ಲ."

ಅಮೀರ್‌ಜಾನ್ ಗುಂಡನ್ನು ಕೆಟಲಿನಿಂದ ತೆಗೆದು ತಣ್ಣೀರಿನ ಮಡಕೆಗೆ ಹಾಕಿದ. ಎಲ್ಲರೂ ಗಾಜನ್ನೇ ನೋಡಿದರು. ಮುಳ್ಳು ಕದಲಲಿಲ್ಲ. ಅವನು ಬೆರಳಿನ ಗೆಣ್ಣಿನಿಂದ ಗಾಜಿನ ಪಕ್ಕಕ್ಕೆ ಒಂದು ಸಲ ಕುಟ್ಟಿದ. ಮುಳ್ಳು ಪಟ್ಟನೆ ಉದುರಿ ಒಡೆದ ಬಳೆಗೆ ಬಂತು.

"ಸಿಕ್ತು ಕಳ್ಳ! ಗುಂಡು ಸರಿ ಐತೆ, ನೀರು ಸರಿ ಐತೆ. ಮುಳ್ಳಿನ ತುದಿ ಸೊಟ್ಟಗಾಗಿ ಮ್ಯಾಲೆ ಹೋದಾಗ ಗಾಜಿನ ಅಂಚಿಗೆ ಸಿಕ್ಕಿಕೊಳ್ತದೆ. ಯಾರಾದ್ರೂ ಕುಟ್ಟಿದ್ರೆ ಬೀಳ್ತದೆ."

ಕೊಟ್ರಮ್ಮ ದನಿಯನ್ನು ಆದಷ್ಟು ಸಾಧಾರಣವಾಗಿಟ್ಟುಕೊಂಡು ಕೇಳಿದಳು: "ಆ ಏಣಿ ಹಂಗಿರೋ ಅಕ್ಷರ, ಅದು ಏನಂತ?"

"ಅದಾ? ಎಚ್ಚು. ಎಚ್ಚು ಅಂದ್ರೆ ಹಾಟು, ಬಿಸಿ. ಈ ಕಡೆ ಸಿ, ಕೋಲ್ಡು, ತಣ್ಣಗೆ. ಎಂಜಿನ್ನು ಕಾದ್ರೆ ಅತ್ತ ಹೋಗ್ತದೆ, ಆರಿದ್ರೆ ಇತ್ತ ಬರ್ತದೆ. ಅಷ್ಟೇ ಅದರ ಬಾಳು."

ಅಕ್ಷರಗಳು ಅವೇ ಇದ್ದವು. ಅವು ಹೇಳುತ್ತಿದ್ದುದು ಮಾತ್ರ ಊರಿನ ಹೆಸರಲ್ಲ. ದೀಪಾವಳಿಯಿಂದ ಇಲ್ಲಿಯವರೆಗೆ ಒಂದು ಕೆಟಲು ಬಿಸಿನೀರಿಗೆ ಹೆದರಿ ತಾನು ಗಂಡನ ಅಂಗಿಯ ಜೇಬು ಮೂಸಿದ್ದಾಯಿತು, ಟೈರಿನ ಮಣ್ಣು ಕೆದರಿ ನೋಡಿದ್ದಾಯಿತು. ನಾಚಿಕೆ ಕುತ್ತಿಗೆಯವರೆಗೆ ಏರಿತು. ಆದರೆ ಚೀಲ ಗುರುತಿಸಿ ಪಳಗಿದ ಅವಳ ಬುದ್ಧಿ, ತಾಳೆಯಾಗದ್ದನ್ನು ಅಷ್ಟಕ್ಕೇ ಬಿಡುವಂಥದಲ್ಲ. ಊರಿಗೂ ಮುಳ್ಳಿಗೂ ಸಂಬಂಧವೇ ಇಲ್ಲದಿದ್ದರೆ, ಮೊದಲ ವರ್ಷವೆಲ್ಲ ಒಂದು ಸಲವೂ ತಪ್ಪದೆ ಅದು ನಿಜ ಹೇಳಿದ್ದು ಹೇಗೆ?

"ಕುಟ್ಟಿದ್ರೆ ಬೀಳ್ತದೆ ಅಂದ್ರಲ್ಲ," ಎಂದಳು. "ಯಾರೂ ಕುಟ್ಟದಿದ್ರೆ?"

"ರೋಡೇ ಕುಟ್ತದೆ ಬಿಡ್ರಿ ಅಮ್ಮಾರೇ. ಈ ಗಾಡಿ ಹೊಟ್ಟೆ ಹಳೇದು. ಊರೊಳಗೆ ನಿಂತು ನಿಂತು ಹೋಗೋವಾಗ ಕಾಯ್ತದೆ, ಮುಳ್ಳು ಮ್ಯಾಲೆ ಹೋಗಿ ಸಿಕ್ಕಿಕೊಳ್ತದೆ. ವಾಪಸ್ ಬರೋ ದಾರಿ ಗುಂಡಿ ಬಿದ್ದಿದ್ರೆ ಎತ್ತಿ ಹಾಕಿ ಬಿಡಿಸ್ತದೆ, ಬೆಳಗಾಗೋದ್ರಾಗೆ ಸಿ ಗೆ ಬಂದಿರ್ತದೆ. ದಾರಿ ನುಣ್ಣಗಿದ್ರೆ ಬಿಡಿಸೋರು ಯಾರು? ಎಚ್ಚಿನ ಮ್ಯಾಲೇ ಬೆಳಗು ಮಾಡ್ತದೆ."

ಹಾಗಾದರೆ ಮೊದಲ ವರ್ಷದ್ದು ಸರಿ. ಆಗ ಚನ್ನಗಿರಿಯ ದಾರಿ ಮೂಳೆ ಮುರಿಯುವಂತಿತ್ತು, ಮುಳ್ಳು ಬೀಳುತ್ತಿತ್ತು. ಹೊನ್ನಾಳಿಯ ದಾರಿ ನುಣುಪು, ಮುಳ್ಳು ನಿಲ್ಲುತ್ತಿತ್ತು.

"ಈಗ ಚನ್ನಗಿರಿ ದಾರಿ ಹೆಂಗೈತೆ?" ಎಂದು ಅವ​ಳು ಕೇಳಿದ್ದು ಅಮೀರ್‌ಜಾನನನ್ನು, ಗಂಡನನ್ನಲ್ಲ.

"ಅರೆ, ನಿಮಗೆ ಗೊತ್ತಿಲ್ವಾ? ದೀಪಾವಳಿ ಹೊತ್ನಾಗೆ ಹೊಸ ಡಾಂಬರು ಹಾಕ್ಯಾರೆ. ಅಂಗೈ ಹಂಗೈತೆ. ಕೆಟ್ಟಿರೋದು ಈಗ ನೀವು ಬಂದ್ರಲ್ಲ, ಆ ದಾರಿ."

ಅಮೀರ್‌ಜಾನ್ ಗಾಜು ಬಿಚ್ಚಿ ಸಣ್ಣ ಚಿಮಟದಲ್ಲಿ ಮುಳ್ಳಿನ ತುದಿ ನೆಟ್ಟಗೆ ಮಾಡತೊಡಗಿದ. ಶಿವಮೂರ್ತಪ್ಪ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಕೊಟ್ರಮ್ಮ ಮಣೆಯ ಮೇಲೆ ಕೂತಲ್ಲೇ ಇದ್ದಳು. ಎರಡು ದಾರಿಗಳೂ ಗುಣ ಬದಲಾಯಿಸಿಕೊಂಡಿದ್ದವು. ದೀಪಾವಳಿಯ ಈಚೆಗೆ ಮುಳ್ಳು ಏಣಿಯ ಮೇಲೆ ನಿಂತರೆ ಗಂಡ ಚನ್ನಗಿರಿಗೆ ಹೋಗಿದ್ದನೆಂದು ಅರ್ಥ. ಗುರುವಾರಗಳು ನಿಜ. ಇಷ್ಟು ದಿನ ಅವಳು ಕುದಿದದ್ದೆಲ್ಲ ಅವನು ನಿಜ ನುಡಿದ ದಿನಗಳಿಗಾಗಿ. ಮುಳ್ಳು ಬಳೆಯ ಮೇಲೆ ಮಲಗಿದ್ದರೆ ಅವನು ಬಂದದ್ದು ಗುಂಡಿ ಬಿದ್ದ ದಾರಿಯಲ್ಲಿ. ಅಂಥದು ಈಗ ಇರುವುದು ಒಂದೇ.

ಸೋಮವಾರಗಳು.

ನಂಬಿ ನಿಶ್ಚಿಂತೆಯಿಂದ ಇದ್ದ ಸೋಮವಾರಗಳು! ಆ ಸಂಜೆಗಳಲ್ಲಿ ಗಂಡನ ಕೈಯಿಂದ ಗಡ್ಡದ ಸೋಪಿನ ವಾಸನೆ ಬರುತ್ತಿದ್ದುದೂ, ಅವನ ಕೆನ್ನೆಯ ಮೇಲೆ ಮಾತ್ರ ಎರಡು ದಿನದ ಕೂಳೆ ಹಾಗೇ ಇರುತ್ತಿದ್ದುದೂ ಅವಳಿಗೆ ಈಗ ನೆನಪಾಯಿತು. ಆಗ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಮುಳ್ಳು ಸರಿಯಿತ್ತಲ್ಲ.

"ಆಯ್ತು ತಗಳ್ರಿ, ಇನ್ನು ಸುಳ್ಳು ಹೇಳಿದ್ರೆ ನನ್ನ ಕೇಳ್ರಿ" ಎಂದು ಅಮೀರ್‌ಜಾನ್ ಕೈ ಒರೆಸಿಕೊಂಡ.

ವಾಪಸು ಬರುವಾಗ, ಹೊನ್ನಾಳಿ ಇನ್ನೂ ಸ್ವಲ್ಪ ದೂರ ಇರುವಂತೆ, ಅವಳು ಮುಂದಿನ ರಸ್ತೆಯನ್ನೇ ನೋಡುತ್ತ ಅಂದಳು: "ಸೋಮವಾರ ಸೋಮವಾರ ಹೊನ್ನಾಳಿಗೆ ಹೋಗ್ತೀರಿ, ಅಲ್ಲೇನ್ರೀ?"

ಕಾರು ತಾನಾಗಿಯೇ ನಿಧಾನವಾಯಿತು. ಬೇವಿನ ಮರವೊಂದರ ಕೆಳಗೆ ಶಿವಮೂರ್ತಪ್ಪ ಅದನ್ನು ನಿಲ್ಲಿಸಿದ.

"ಯಾರು ಹೇಳಿದ್ರು?"

"ಮುಳ್ಳು."

ಅವನು ಅವಳನ್ನೂ ಆ ಗಾಜನ್ನೂ ಒಂದಾದ ಮೇಲೊಂದರಂತೆ ನೋಡಿದ. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅಲ್ಲವೆನ್ನುವ ಶಕ್ತಿಯೂ ಉಳಿದಿರಲಿಲ್ಲ.

"ಅವನಿಗೆ ಲಕ್ವಾ ಹೊಡೆದೈತೆ ಕಣೇ. ದೀಪಾವಳಿ ಮುಂಚೆ. ಬಲಗಡೆ ಬಿದ್ದೋಗೈತೆ, ಬಾಯೂ ಹೋಗೈತೆ. ಹೋಗಿ ಸುಮ್ನೆ ಕೂರ್ತೀನಿ. ಗಡ್ಡ ಕೆರೀತೀನಿ. ಬೇರೆ ಯಾರು ಕತ್ತಿ ಹಿಡಿದ್ರೂ ಮುಖ ಕೊಡಲ್ಲ ಅವನು."

ಮೈದುನನಿಗೆ ಮೈಯಲ್ಲಿ ಆರಾಮಿಲ್ಲವೆಂಬ ಮಾತು ಅವಳ ಕಿವಿಗೂ ಅಷ್ಟಿಷ್ಟು ಬಿದ್ದಿತ್ತು. ಆ ಮನೆಯ ಹೆಸರನ್ನು ಅವಳೆದುರು ಪೂರ್ತಿಯಾಗಿ ಎತ್ತುವ ಎದೆಗಾರಿಕೆ ಊರಿನಲ್ಲಿ ಯಾರಿಗೂ ಇರಲಿಲ್ಲ.

"ಲಿಂಗ ಮುಟ್ಟಿ ಆಡಿದ ಮಾತು?" ಎಂದಳು.

"ಮಾತು ಅವನ ಬಾಯಿಂದಲೇ ಹಿಂದಕ್ಕೆ ಬರ್ಬೇಕು ಅಂದಿದ್ದೆ. ಈಗ ಹಿಂದಕ್ಕೆ ತಗಳ್ಳಾಕೆ ಅವನ ಹತ್ರ ಮಾತು ಎಲ್ಲೈತೆ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ದಾ? ನಾಟಕ ಆಡ್ತಾನೆ ಅಂತಿದ್ದೆ."

ಅಂತಿದ್ದಳು. ಅದನ್ನು ಅವಳು ತನ್ನ ಮನಸ್ಸಿನಲ್ಲೂ ಅಲ್ಲಗಳೆಯಲಿಲ್ಲ. ಹೊರಗೆ ಬೇವಿನ ಎಲೆ ಒಂದೊಂದೇ ಕಾರಿನ ಮೂಗಿನ ಮೇಲೆ ಉದುರುತ್ತಿತ್ತು. ಅವನು ಕಾರನ್ನು ಮತ್ತೆ ಚಾಲೂ ಮಾಡಿದ. ಹೊನ್ನಾಳಿ ಹೊಕ್ಕಿತು, ಪೇರಿಸಿದ ಕಲ್ಲು ಎದುರಾಯಿತು, ಎಣ್ಣೆ ಗಿರಣಿಯ ಓಣಿ ಬಂತು. ಮೊದಲ ತಿರುವಿನಲ್ಲಿ ಅವಳು ಕೈ ಅಡ್ಡ ಹಿಡಿದಳು.

"ನಿಲ್ಸ್ರಿ. ಅವರ ಮನೆ ಯಾವ ಕಡೆ?"

"ಯಾಕೆ?"

"ಖರೇನೋ ಸುಳ್ಳೋ ನೋಡ್ತೀನಿ."

ಬಾಗಿಲು ತೆರೆದ ವಾರಗಿತ್ತಿ ಕಲ್ಲಮ್ಮ ಹೊಸಲಿನ ಮೇಲೆ ಕಾಲಿಟ್ಟವಳು ಯಾರೆಂದು ಕಂಡು ಗೋಡೆಗೆ ಆತುಕೊಂಡಳು. "ಅಕ್ಕಾ" ಎಂದಳು. ಕಾಲಿಗೆ ನೀರು ತಂದಳು. ಕೊಟ್ರಮ್ಮ ಕಾಲು ತೊಳೆದಳು. ಬೆಲ್ಲದ ತಟ್ಟೆಯನ್ನು ಮುಟ್ಟಲಿಲ್ಲ. ಪಡಸಾಲೆಯ ಮಂಚದಲ್ಲಿ ದಿಂಬಿಗೊರಗಿ ಉಚ್ಚಂಗೆಪ್ಪ ಕೂತಿದ್ದ. ಬಾಯಿಯ ಒಂದು ತುದಿ ಕೆಳಕ್ಕೆ ಜೋತಿತ್ತು. ಪಕ್ಕದಲ್ಲಿ ಅವನ ಮಗಳು ನಿರ್ಮಲಾ, ಪಾಲಿನ ವರ್ಷ ತೊಟ್ಟಿಲಲ್ಲಿದ್ದ ಕೂಸು, ಈಗ ಲಂಗ ದಾವಣಿ ತೊಟ್ಟು ಅಪ್ಪನ ಗದ್ದ ಒರೆಸುತ್ತಿದ್ದಳು.

ಕೊಟ್ರಮ್ಮ ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಸಂಕೋಚವಿಲ್ಲದೆ, ಚೀಲ ತಪಾಸು ಮಾಡುವವಳ ಹಾಗೆ ಅವನನ್ನು ದಿಟ್ಟಿಸಿದಳು. ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಅವನ ಕಣ್ಣುಗಳು ಮಾತ್ರ ಮೊದಲಿನವೇ. ಅವಳ ಮೇಲಿಂದ ಕದಲಲಿಲ್ಲ.

"ದೊಡ್ಡಪ್ಪ, ಇವತ್ತು ಶುಕ್ರವಾರ ಅಲ್ವಾ? ಗಾಡಿ ಕೆಟ್ಟಿತ್ತಾ?" ಎಂದು ನಿರ್ಮಲಾ ಕೇಳಿದಳು.

"ಗಾಡಿ ಅಲ್ಲವ್ವ, ಗಾಡಿ ಮೀಟರು" ಎಂದ ಶಿವಮೂರ್ತಪ್ಪ. "ಅದರ ಮುಳ್ಳು."

"ಇವರಿಗೇನು ಗೊತ್ತು ಮುಳ್ಳಿನ ವಿಷಯ," ಎಂದಳು ಕೊಟ್ರಮ್ಮ. ಆ ಮನೆಯಲ್ಲಿ ತಾನಾಡಿದ ಮೊದಲ ಮಾತಿನ ಸದ್ದಿಗೆ ಅವಳೇ ಒಂದು ಕ್ಷಣ ತಡೆದಳು. ಆಮೇಲೆ ಮಂಚದ ಕಡೆ ನೋಡದೆ, ಎದುರಿನ ಗೋಡೆಯ ಗಡಿಯಾರಕ್ಕೆ ಹೇಳುವವಳಂತೆ ಶುರುಮಾಡಿದಳು. ಮುಂಜಾನೆ ಬಕೆಟ್ಟು ಹಿಡಿದು ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದುದು, ಟೈರಿನ ಮಣ್ಣು ಕೆದರಿ ನೋಡಿದ್ದು, ಮುಳ್ಳಿಗೆ ಗಂಡ ಲಂಚ ಕೊಟ್ಟನೋ ಎಂದು ದಾರಿಯಲ್ಲಿ ಅವನ ಕಾಲನ್ನು ಬಗ್ಗಿ ನೋಡಿದ್ದು, ಚಾಕ್ಕೆ ಇಟ್ಟ ನೀರು ಮೋಟಾರು ಕುಡಿದದ್ದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು.

"ಎಚ್ಚು ಅಂದ್ರೆ ಹೊನ್ನಾಳಿ ಅಂತ ತಿಳ್ಕಂಡು, ಇವರು ಖರೇ ಹೇಳಿದ್ದಕ್ಕೆ ಬೈದೆ, ಸುಳ್ಳು ಹೇಳಿದ್ದಕ್ಕೆ ಹೋಳಿಗೆ ಮಾಡಿ ಬಡಿಸಿದೆ" ಎಂದಳು.

"ಅದಕ್ಕೇ ಏನೇ ಮಂಗಳವಾರ ಹೋಳಿಗೆ?" ಎಂದ ಶಿವಮೂರ್ತಪ್ಪ, ನಿಜವಾಗಿಯೂ ಬೆರಗಾಗಿ.

ಮಂಚದಿಂದ ಒಂದು ಸದ್ದು ಬಂತು.

ತೆಳ್ಳಗೆ, ಒಡಕಾಗಿ, ನೀರಿಲ್ಲದ ಬಾವಿಯಲ್ಲಿ ಕೊಡ ತಾಕಿದಂತೆ. ಉಚ್ಚಂಗೆಪ್ಪನ ಮುಖದ ಎಡಭಾಗ ಮೇಲಕ್ಕೆದ್ದಿತ್ತು, ಭುಜ ಕುಲುಕುತ್ತಿತ್ತು, ಕಣ್ಣಿಂದ ನೀರಿಳಿಯುತ್ತಿತ್ತು. ಕಲ್ಲಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ಇಷ್ಟು ದಿನದಲ್ಲಿ ಆ ಗಂಟಲಿನಿಂದ ಹೊರಟ ಮೊದಲ ದನಿ ಅದೆಂದು ಅವಳ ನಿಲುವೇ ಹೇಳುತ್ತಿತ್ತು.

ಕೊಟ್ರಮ್ಮ ಮಾತು ನಿಲ್ಲಿಸಿ ಮೊದಲ ಬಾರಿಗೆ ಅವನ ಕಡೆ ಪೂರ್ತಿಯಾಗಿ ತಿರುಗಿದಳು. ಅವನು ನಗುತ್ತಿದ್ದುದು ಮುಳ್ಳಿನ ಕಥೆಗೋ, ಕಥೆ ಹೇಳುತ್ತಿದ್ದ ತನಗೋ? ಆ ಅರ್ಧ ಮುಖದಲ್ಲಿ ಅದನ್ನು ಓದುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅವನ ಎಡಗೈ ಹಾಸಿಗೆಯ ಮೇಲೆ ತಡಕಾಡಿ, ಮಂಚದ ಅಂಚಿನಲ್ಲಿದ್ದ ನೀರಿನ ಲೋಟವನ್ನು ಅವಳ ಕಡೆಗೆ ಒಂದು ಗೇಣು ದೂಡಿ, ಅಲ್ಲೇ ನಿಂತಿತು. ಅವಳು ಲೋಟವನ್ನು ತೆಗೆದುಕೊಳ್ಳಲಿಲ್ಲ. ಎದ್ದು ಹೋಗಲೂ ಇಲ್ಲ.

ನಿರ್ಮಲಾ ಅಪ್ಪನ ಗದ್ದ ಒರೆಸಿ, ಮಂಚದಿಂದ ಇಳಿದು, ಕೊಟ್ರಮ್ಮನ ಮಂಡಿಗೆ ತಾಕುವಷ್ಟು ಹತ್ತಿರ ಬಂದು ಕೂತಳು.

"ದೊಡ್ಡಮ್ಮ," ಎಂದಳು, "ಇನ್ನೊಂದ್ಸಲ ಹೇಳ್ರಿ. ಮೊದ್ಲಿಂದ."